ಸುಂದರಿಯ ಬುಟ್ಟಿ ಮತ್ತು ಎಡಗಡೆಯ ನಾಳ

ಕುಂದಾಪುರದಿಂದ ಉತ್ತರಕ್ಕೆ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ಒಂದು ರಸ್ತೆಯಲ್ಲಿ ಸಣ್ಣ ಮೀನು ಮಾರುಕಟ್ಟೆಯಿದೆ. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿಯವರು ಓದಿದರೆ ಅವರಿಗೆ ಗೊತ್ತಾಗುತ್ತದೆ, ಗೊತ್ತಾಗಲಿ. ತಗಡಿನ ಮಾಡು, ಎರಡು ಸಾಲು ಸಿಮೆಂಟಿನ ಜಗಲಿ, ಇಪ್ಪತ್ತೆರಡು ಹೆಂಗಸರು. ಬಲಗಡೆಯ ಸಾಲಿನಲ್ಲಿ ಗೋಡೆಗೆ ತಾಗಿದ ಮೊದಲ ಜಾಗ ವನಜಳದು. ಅದಕ್ಕೆ ಹೊಂದಿಕೊಂಡ ಎರಡನೆಯದು ಸುಂದರಿಯದು. ಸುಂದರಿಗೆ ಅದು ತಾಯಿಯಿಂದ ಬಂದದ್ದು, ತಾಯಿಗೆ ಅವಳ ತಾಯಿಯಿಂದ.

ಈ ಜಾಗಗಳಿಗೆ ಕಾಗದಪತ್ರ ಇಲ್ಲ. ಬುಟ್ಟಿಯೇ ಪತ್ರ. ಹೆರಿಗೆ, ಸೂತಕ, ಕಾಯಿಲೆ ಎಂದು ಬರಲಾಗದವಳು ತನ್ನ ಬುಟ್ಟಿಯನ್ನು ಜಾಗದ ಮೇಲೆ ಮಗುಚಿಟ್ಟು ಹೋಗುತ್ತಾಳೆ. ಪಕ್ಕದವಳು ಅದನ್ನು ಕಾಯಬೇಕು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ನಿಲ್ಲುವ ಎರಡು ತಿಂಗಳು ಎಲ್ಲರ ಬುಟ್ಟಿಯೂ ಮಗುಚಿಯೇ ಇರುತ್ತದೆ. ಆಗಸ್ಟಿನಲ್ಲಿ ಮೊದಲ ಮೀನು ಬರುವ ಬೆಳಿಗ್ಗೆ ಎಲ್ಲರೂ ಸೇರಿ, ತಂತಮ್ಮ ಬುಟ್ಟಿಯನ್ನು ತಂತಮ್ಮ ಕೈಯಿಂದ ಎತ್ತುತ್ತಾರೆ. ಜಾಗವನ್ನು ಮಗಳಿಗೋ ಸೊಸೆಗೋ ಬಿಟ್ಟುಕೊಡುವುದಿದ್ದರೆ ಅದೂ ಆ ದಿನವೇ. ಆಗ ಬುಟ್ಟಿಯನ್ನು ಎತ್ತಿ ಹೊಸಬಳ ಕೈಗೆ ಕೊಡಬೇಕಾದವಳು ಪಕ್ಕದ ಜಾಗದವಳು. ಅವಳು ಕೊಡದಿದ್ದರೆ ಜಾಗ ದಾಟುವುದಿಲ್ಲ. ಜಾಗದ ತಕರಾರುಗಳನ್ನೂ ಆ ಬೆಳಿಗ್ಗೆ, ಮೀನಿನ ಟೆಂಪೊ ಬರುವ ಮೊದಲೇ ಎತ್ತಬೇಕು. ಟೆಂಪೊ ಬಂತೆಂದರೆ ಮಾತು ಮುಗಿಯಿತು, ಇನ್ನು ಮುಂದಿನ ಆಗಸ್ಟ್.

೨೦೦೩ರಲ್ಲಿ ಸುಂದರಿಗೆ ನಲವತ್ತೊಂದು ವರ್ಷ. ಗಂಡ ತೀರಿಕೊಂಡಿದ್ದ, ಮಗಳು ದಿವ್ಯಾ ಮೂರನೆಯ ಕ್ಲಾಸಿನಲ್ಲಿದ್ದಳು. ಆ ವರ್ಷ ಸುಂದರಿಯ ಎಡ ಸ್ತನದಲ್ಲಿ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಇಪ್ಪತ್ತೈದು ದಿನ ವಿಕಿರಣ. ನಮ್ಮ ಕಡೆ ಇದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ಜೂನ್, ಜುಲೈ ತಿಂಗಳ ಮಳೆಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ, ಎರಡು ನಿಮಿಷ ಯಂತ್ರದ ಕೆಳಗೆ ಮಲಗಿ, ಮಧ್ಯಾಹ್ನ ಅದೇ ದಾರಿಯಲ್ಲಿ ಮರಳಿ ಬರುತ್ತಿದ್ದಳು. ಎದೆಯ ಚರ್ಮ ಸುಟ್ಟು ಕಪ್ಪಾಗಿತ್ತು. ಸೆರಗು ತಾಗಿದರೆ ಉರಿ. ಬುಟ್ಟಿ ಮಗುಚಿಟ್ಟಿದ್ದೇನೆ, ವನಜಕ್ಕ ಕಾಯುತ್ತಾಳೆ ಎಂಬ ಧೈರ್ಯದಲ್ಲಿದ್ದಳು.

ಆಗಸ್ಟಿನ ಆ ಬೆಳಿಗ್ಗೆ ಹೋದಾಗ ಬುಟ್ಟಿ ಜಾಗದಲ್ಲಿರಲಿಲ್ಲ. ಮಾರುಕಟ್ಟೆಯ ಹಿಂದಿನ ಚರಂಡಿಯಲ್ಲಿ ಬಿದ್ದಿತ್ತು. ವನಜ ಎರಡು ಜಾಗದ ಅಗಲಕ್ಕೆ ಹಲಗೆ ಹಾಕಿ ಕೂತಿದ್ದಳು. ಸುಂದರಿ ನಿಯಮದಂತೆ ಅಲ್ಲೇ ತಕರಾರು ಎತ್ತಿದಳು. ವನಜ ಉತ್ತರವನ್ನು ತಯಾರು ಮಾಡಿಟ್ಟುಕೊಂಡಿದ್ದಳು. ಕರೆಂಟ್ ತೆಗೆದುಕೊಂಡ ಮೈಯಲ್ಲಿ ಆ ಕಾವು ಉಳಿಯುತ್ತದೆ, ಅಂಥವರು ಮುಟ್ಟಿದ ಮೀನು ಮಧ್ಯಾಹ್ನದೊಳಗೆ ಹಳಸುತ್ತದೆ, ತಿಂದ ಮಕ್ಕಳಿಗೂ ಅದೇ ಕಾಯಿಲೆ ಬರುತ್ತದೆ, ಗಿರಾಕಿಗಳಿಗೆ ಗೊತ್ತಾದರೆ ಈ ಮಾರುಕಟ್ಟೆಗೇ ಯಾರೂ ಕಾಲಿಡುವುದಿಲ್ಲ. ಇಪ್ಪತ್ತು ಹೆಂಗಸರು ಕೇಳಿದರು, ನಂಬಿದರು. ಎಲ್ಲರಿಗಿಂತ ಹಿರಿಯಳಾದ ಲಚ್ಚು, ಆಗಲೇ ಅರವತ್ತು ದಾಟಿದವಳು, ಎದ್ದು ಸುಂದರಿಗೆ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದಳು. ಅಷ್ಟರಲ್ಲಿ ಟೆಂಪೊ ಬಂತು.

ಮೂವತ್ತೆರಡು ವರ್ಷ ನಾನು ಪೆಥಾಲಜಿ ಕಲಿಸಿದ್ದೇನೆ. ವನಜ ಹೇಳಿದ್ದರಲ್ಲಿ ಒಂದಕ್ಷರವೂ ನಿಜವಲ್ಲ. ಹೊರಗಿನಿಂದ ಕೊಟ್ಟ ವಿಕಿರಣ ಯಂತ್ರ ನಿಂತ ಕ್ಷಣ ನಿಲ್ಲುತ್ತದೆ. ಮೈಯಲ್ಲಿ ಅದು ಉಳಿಯುವುದಿಲ್ಲ, ಅದು ಮಾಡಿದ ಗಾಯ ಉಳಿಯುತ್ತದೆ. ಆದರೆ ಆ ದಿನ ಇದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಆಗ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ. ಈ ಎಲ್ಲ ಸಂಗತಿ ನನಗೆ ತಿಳಿದದ್ದು ನಿವೃತ್ತಳಾಗಿ ಬಂದು ಸುಂದರಿಯಿಂದ ಮೀನು ಕೊಳ್ಳಲು ತೊಡಗಿದ ಮೇಲೆ.

ಸುಂದರಿ ಬುಟ್ಟಿಯನ್ನು ಚರಂಡಿಯಿಂದ ಎತ್ತಿದಳು. ಮನೆಗೆ ಒಯ್ದು ತೊಳೆದಳು, ಕಲೆ ಹೋಗಲಿಲ್ಲ. ಅಡುಗೆಮನೆಯ ಜಂತಿಗೆ ಕಟ್ಟಿ ನೇತು ಹಾಕಿದಳು. ಮತ್ತೆ ಅದರಲ್ಲಿ ಮೀನು ಇಡಲಿಲ್ಲ, ಅದನ್ನು ಇಳಿಸಲೂ ಇಲ್ಲ. ಉಣ್ಣುವಾಗ ಕಣ್ಣೆತ್ತಿದರೆ ಅದೇ ಕಾಣಬೇಕು, ಹಾಗೆ ಕಟ್ಟಿದ್ದಳು.

ವನಜಳ ಗಂಡ ಪ್ರೇಮಾನಂದ ಬಂದರಿನಲ್ಲಿ ಮೀನು ಏಲಂ ಕೂಗುವವನು. ಅವತ್ತಿನಿಂದ ಏಲಂನಲ್ಲಿ ಸುಂದರಿ ಕೂಗಿದ ದರ ಅವನ ಕಿವಿಗೆ ಬೀಳುವುದು ನಿಂತಿತು. ಅವಳು ಮರವಂತೆಯ ದಡದಲ್ಲಿ ಸಣ್ಣ ದೋಣಿಯವರಿಂದ ಮೀನು ಕೊಂಡು, ಬಸ್ಸಿನಲ್ಲಿ ಬೈಂದೂರಿಗೆ ಹೋಗಿ, ಅಲ್ಲಿ ಮನೆಮನೆ ಸುತ್ತಿ ಮಾರತೊಡಗಿದಳು. ವಾರಕ್ಕೆ ಒಂದು ದಿನ ವಂಡ್ಸೆ. ಹೀಗೆ ಹತ್ತೊಂಬತ್ತು ವರ್ಷ. ಅವಳ ಕಾಲಿನ ಹಿಮ್ಮಡಿಗಳನ್ನು ನೋಡಿದವರಿಗೆ ಇದರ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. ದಿವ್ಯಾ ಓದಿ ಬೈಂದೂರಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಹಳೆಯದನ್ನು ಮರೆತುಬಿಡು ಎಂದು ಹಲವರು ಹಲವು ಸಲ ಸುಂದರಿಗೆ ಹೇಳಿದ್ದುಂಟು. ಅವಳು ಹೇಳಿದವರಿಗೆ ಮೀನು ತೂಗಿ ಕೊಟ್ಟು ಮುಂದೆ ಹೋಗುತ್ತಿದ್ದಳು.

೨೦೨೨ರ ನವೆಂಬರಿನಲ್ಲಿ ಬೈಂದೂರಿನ ರೈಲ್ವೆ ಸ್ಟೇಷನ್ನಿನ ಏರು ಹತ್ತುವಾಗ ಅವಳ ಎದೆ ಹಿಂಡಿತು. ಎರಡನೆಯ ದಿನವೂ ಅದೇ ಏರಿನಲ್ಲಿ ಅದೇ ಆಯಿತು. ದಿವ್ಯಾ ಅವಳನ್ನು ಬ್ರಹ್ಮಾವರದ ಹತ್ತಿರ, ಹೆದ್ದಾರಿ ಬದಿಯ ಒಂದು ಹೃದಯದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಸುಧೀರ್ ಎಂಬವರು ಹಿಂದೆ ಎಂದಾದರೂ ಎದೆಗೆ ವಿಕಿರಣ ಪಡೆದ ರೋಗಿಗಳನ್ನು ಬೇರೆಯಾಗಿ ಪರೀಕ್ಷಿಸಿ ಬರೆದಿಡುತ್ತಿದ್ದರು. ಅಂಥವರ ರಕ್ತನಾಳಗಳು ಉಳಿದವರ ಹಾಗೆ ವರ್ತಿಸುವುದಿಲ್ಲ ಎಂಬುದು ಕಾರಣ. ಹಾಗಾಗಿ ಪ್ರಣೀತಾ ಎಂಬ ಸಿಸ್ಟರ್ ಬೆಳಿಗ್ಗೆ ಹೊರಗಿನ ಹಾಲ್‌ಗೆ ಬಂದು, ಬೆಂಚುಗಳ ಮೇಲಿದ್ದ ಮೂವತ್ತು ಜನರಿಗೆ ಕೇಳುವಂತೆ ಕರೆದಳು.

"ಎದಿಗೆ ಕರೆಂಟ್ ತಕಂಡೋರ್ ಯಾರಾರೂ ಇದ್ರೆ ಈ ಬದಿಗ್ ಬನ್ನಿ."

ಸುಂದರಿ ಎದ್ದಳು. ಎದುರಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದ. ಅವನ ಪಕ್ಕದ ಹೆಂಗಸು ಅಂಗಿ ಹಿಡಿದು ಎಳೆದಳು, ಅವನು ಕೂತ. ಸಿಸ್ಟರ್ ಕೈಯಲ್ಲಿದ್ದ ಫೈಲು ನೋಡಿ ಅವನನ್ನು ಹೆಸರು ಹಿಡಿದೇ ಕರೆದಳು: ಪ್ರೇಮಾನಂದ, ಇಸವಿ ಎರಡು ಸಾವಿರದ ಎರಡು, ಮುಂಬೈ. ಅಂಗಿ ಎಳೆದವಳು ವನಜ.

ಆ ಫೈಲಿನಲ್ಲಿದ್ದದ್ದು ಇಷ್ಟು. ೨೦೦೧ರಲ್ಲಿ ಪ್ರೇಮಾನಂದನ ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಅವನ ತಮ್ಮ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದ. ಅಲ್ಲಿಗೆ ಹೋಗಿ ಬಲೂನಿನಿಂದ ನಾಳ ಹಿಗ್ಗಿಸಿ ಸ್ಟೆಂಟ್ ಹಾಕಿಸಿಕೊಂಡ. ನಾಳದ ಒಳಗೋಡೆಗೆ ಬಲೂನು ಉಪಕಾರವೆಂದು ತಿಳಿಯುವುದಿಲ್ಲ, ಗಾಯವೆಂದು ತಿಳಿಯುತ್ತದೆ. ಗಾಯ ಮಾಯಲು ಅಲ್ಲಿಯ ಸ್ನಾಯುಕೋಶಗಳು ಬೆಳೆಯುತ್ತವೆ. ಕೆಲವರಲ್ಲಿ ಅವು ನಿಲ್ಲಬೇಕಾದಲ್ಲಿ ನಿಲ್ಲದೆ, ಸ್ಟೆಂಟಿನ ತಂತಿಗಳ ನಡುವಿನಿಂದ ಒಳಕ್ಕೆ ಬೆಳೆದು ದಾರಿಯನ್ನೇ ಮುಚ್ಚುತ್ತವೆ. ಪ್ರೇಮಾನಂದನಿಗೆ ಆರೇ ತಿಂಗಳಲ್ಲಿ ಹೀಗಾಯಿತು. ಬೆಳವಣಿಗೆ ತಡೆಯುವ ಔಷಧಿ ಲೇಪಿಸಿದ ಸ್ಟೆಂಟ್ ಆಗ ಇಲ್ಲಿ ಬಳಕೆಗೆ ಬಂದಿರಲಿಲ್ಲ. ಹಾಗಾಗಿ ದಾರಿಯನ್ನು ಮತ್ತೆ ತೆರೆದು, ವಿಕಿರಣ ಸೂಸುವ ಸಣ್ಣ ಮೂಲವೊಂದನ್ನು ಕೊಳವೆಯ ಮೂಲಕ ನಾಳದ ಒಳಗೇ ಇಳಿಸಿ, ಕೆಲವು ನಿಮಿಷ ಇಟ್ಟು ಹೊರತೆಗೆದರು. ಕರೆಂಟ್, ಆದರೆ ಒಳಗಿನಿಂದ. ಊರಿಗೆ ಬಂದು ತಿಂಗಳಾಗುವ ಮೊದಲು ಅವನು ಬಂದರಿನಲ್ಲಿ ನಿಂತು ಮೀನು ಎತ್ತಿ ತೋರಿಸಿ ಏಲಂ ಕೂಗುತ್ತಿದ್ದ. ಊರಿಗೆ ಹೇಳಿದ್ದು ಗ್ಯಾಸ್ ತೊಂದರೆ ಎಂದು.

ಇದು ಸುಂದರಿಯ ಕಾಯಿಲೆಗೆ ಒಂದು ವರ್ಷ ಮೊದಲು.

ಸುಂದರಿ ಹಾಲ್‌ನಿಂದ ಸಿಸ್ಟರ್ ಹಿಂದೆ ಒಳಗೆ ನಡೆದಳು, ಪ್ರೇಮಾನಂದನೂ ಬಂದ. ಇಬ್ಬರನ್ನೂ ಒಳಗೆ ಅಕ್ಕಪಕ್ಕದ ಮಂಚಗಳ ಮೇಲೆ ಮಲಗಿಸಿದರು, ನಡುವೆ ಒಂದು ಹಸಿರು ಪರದೆ. ಡಾಕ್ಟರು ಸುಂದರಿಗೆ ಹೇಳಿದ ಮಾತು ಪರದೆಯ ಆಚೆಗೆ ವನಜಳಿಗೂ ಕೇಳಿಸಿತು. ಎಡಗಡೆಗೆ ವಿಕಿರಣ ಬಿದ್ದವರಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಹೃದಯದ ಮುಂಭಾಗದ ನಾಳ ಗಡುಸಾಗಿ ಕಿರಿದಾಗುವುದುಂಟು, ಇವರಿಗೂ ಹಾಗೆಯೇ ಆದಂತಿದೆ, ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕಬೇಕಾದೀತು. ಆದರೆ ಇಂಥ ನಾಳಗಳಲ್ಲಿ ಸ್ಟೆಂಟ್ ಹಾಕಿದ ಮೇಲೂ ಒಂದು ವರ್ಷದೊಳಗೆ ಮತ್ತೆ ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ಬೈಪಾಸಿಗೆ ಎದೆ ಸೀಳಿದರೆ ಸುಟ್ಟ ಜಾಗ ಬೇಗ ಮಾಯದು. ಎಲ್ಲವನ್ನೂ ಡಾಕ್ಟರು ಮುಚ್ಚಿಡದೆ ಹೇಳಿದರು.

ದಿವ್ಯಾ ಬಿಲ್ಲು ಕಟ್ಟಲು ಒಳಗುಳಿದಿದ್ದಾಗ, ಹೊರಗೆ ಬಸ್ ಸ್ಟಾಪಿನಲ್ಲಿ ಮತ್ತೆ ಮೂವರೂ ಎದುರಾದರು. ಪ್ರೇಮಾನಂದ ಕೈ ಜೋಡಿಸಿ, ತಪ್ಪಾಯ್ತ್ ಸುಂದ್ರಿ ಎಂದ. ಅವಳು ಅವನನ್ನು ನೋಡಲಿಲ್ಲ. ಹಿಂದೆ ವನಜಳನ್ನು ನೀವು ಎನ್ನುತ್ತಿದ್ದವಳು ಅಂದು ನೀನು ಎಂದಳು.

"ನಂಗ್ ಅವತ್ತ್ ಆ ಮಾತ್ ಹೇಳುವತಿಗೆ ನಿಂಗ್ ಗೊತ್ತಿತ್ತ್. ನಿನ್ ಮನಿಯೊಳಗೇ ಇತ್ತ್. ಗೊತ್ತಿದ್ದೇ ಹೇಳ್ದೆ."

"ಮೆಲ್ಲಗೆ ಮಾತಾಡ್ ಮಾರಾಯ್ತಿ, ಜನ ಕಾಣ್ತ್ರ್."

"ಕಾಣ್ಲಿ. ಆದ್ರೆ ನಾ ಇಲ್ ಹೇಳುದಿಲ್ಲೆ. ಬುಟ್ಟಿ ಎತ್ತು ದಿನ ಎಲ್ಲರ್ ಎದ್ರಿಗೆ ನೀನೇ ಹೇಳ್ಕ್. ನಿನ್ ಬಾಯಿಂದ. ನೀ ಹೇಳದಿದ್ರೆ ನಾ ಹೇಳ್ತೆ, ಫೈಲ್ ನಂಬರ್ ಸಮೇತ."

ವನಜ ಒಂದು ಗಳಿಗೆ ಯೋಚಿಸಿ, ಆಗಸ್ಟಿಗೆ ಹೇಳುತ್ತೇನೆ ಎಂದು ಒಪ್ಪಿಕೊಂಡಳು. ಅಷ್ಟು ಸುಲಭವಾಗಿ ಒಪ್ಪಿದ್ದು ಏಕೆಂದು ಸುಂದರಿಗೆ ಬಸ್ಸಿನಲ್ಲಿ ಕೂತ ಮೇಲೆ ಅರ್ಥವಾಯಿತು. ಆಗಸ್ಟಿಗೆ ಇನ್ನೂ ಒಂಬತ್ತು ತಿಂಗಳಿತ್ತು. ಪರದೆಯ ಬಟ್ಟೆ ತೆಳುವಾಗಿತ್ತು.

ಅಲ್ಲಿಂದ ಒಂದು ರಕ್ತನಾಳದ ಮೇಲೆ ಇಬ್ಬರು ಹೆಂಗಸರು ಕಣ್ಣಿಟ್ಟು ಕೂತರು. ಮೂರೂವರೆ ಮಿಲಿಮೀಟರ್ ಅಗಲದ ನಾಳ. ಅದು ಮುಚ್ಚಿದರೆ ಒಬ್ಬಳಿಗೆ ಎರಡು ಜಾಗವೂ ಖಾಯಂ, ಇಪ್ಪತ್ತು ವರ್ಷದ ಸುಳ್ಳೂ ಖಾಯಂ. ತೆರೆದಿದ್ದರೆ ಇನ್ನೊಬ್ಬಳಿಗೆ ಆಗಸ್ಟ್.

ಡಿಸೆಂಬರಿನಲ್ಲಿ ಸುಂದರಿಗೆ ಸ್ಟೆಂಟ್ ಹಾಕಿದರು, ಔಷಧಿ ಲೇಪಿಸಿದ್ದು. ವಾರ ಕಳೆದು ನನ್ನಲ್ಲಿಗೆ ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಳು. ಒಳಗೆ ಇನ್ನು ಏನೇನಾಗುತ್ತದೆ, ಯಾವಾಗ ಆಗುತ್ತದೆ, ತಾನು ಏನು ಮಾಡಿದರೆ ಆಗುವುದಿಲ್ಲ ಎಂದು ಕೇಳಿದಳು. ಇಷ್ಟು ನೇರವಾಗಿ ಕೇಳಿದ ವಿದ್ಯಾರ್ಥಿಗಳು ನನ್ನ ಕೆಲಸದ ಅವಧಿಯಲ್ಲಿ ಹೆಚ್ಚು ಸಿಕ್ಕಿಲ್ಲ. ನಾನೂ ನೇರವಾಗಿ ಹೇಳಿದೆ. ಸ್ಟೆಂಟಿನ ಒಳಗೆ ತೆಳುವಾದ ಹೊಸ ಪೊರೆ ಬೆಳೆಯಬೇಕು. ಬೆಳೆಯದಿದ್ದರೆ ಬರಿಯ ಲೋಹದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಅತಿಯಾಗಿ ಬೆಳೆದರೆ ದಾರಿ ಮುಚ್ಚುತ್ತದೆ. ವಿಕಿರಣ ತಾಗಿದ ನಾಳ ಎರಡನ್ನೂ ತಪ್ಪಾಗಿ ಮಾಡಬಲ್ಲುದು: ಬೇಗ ಮಾಯದು, ಮಾಯ್ದಲ್ಲಿ ಅತಿಯಾಗಿ ದಪ್ಪವಾಗುತ್ತದೆ. ಸ್ಟೆಂಟಿನ ನಡುವೆ ಸರಿಯಿದ್ದರೂ ಅದರ ಎರಡು ತುದಿಗಳಲ್ಲಿ, ಲೋಹ ಮುಗಿದು ನಾಳ ಶುರುವಾಗುವಲ್ಲಿ, ಕಿರಿದಾಗುವುದು ಹೆಚ್ಚು. ಒಳಗೆ ಗಾಯ ಬೆಳೆದಷ್ಟೂ ನಾಳ ತಾನೇ ಹೊರಕ್ಕೆ ಹಿಗ್ಗಿ ದಾರಿ ಉಳಿಸಿಕೊಳ್ಳುವುದೂ ಉಂಟು, ಆದರೆ ಸುಟ್ಟ ನಾಳಕ್ಕೆ ಆ ಗುಣ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಒಂದು ದಿನವೂ ಬಿಡಬಾರದು.



"ಅಳಿವೆ ಹೂಳ್ ತೆಗ್ದಂಗೆ," ಎಂದಳು ಸುಂದರಿ. "ತೆಗ್ದಲ್ಲಿ ಆಳ ಇರತ್ತ್. ಬಾಯಲ್ಲಿ ಮತ್ತ್ ಹೊಯ್ಗಿ ಕೂರತ್ತ್."

ನದಿ ಸಮುದ್ರ ಸೇರುವ ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಗಳು ಹೊಯ್ಗೆಗೆ, ಅಂದರೆ ಮರಳಿಗೆ, ಸಿಕ್ಕಿಬೀಳುವುದನ್ನು ಚಿಕ್ಕಂದಿನಿಂದ ನೋಡಿದವಳು. ನಾನು ಹೌದೆಂದೆ.

"ಆಗಸ್ಟ್ ವರಿಗೆ ದೋಣಿ ದಾಟಿರೆ ಸಾಕ್, ಡಾಕ್ಟ್ರಮ್ಮ. ಮತ್ತ್ ಹೊಯ್ಗಿ ಬೇಕಾದಷ್ಟ್ ಕೂರ್ಲಿ."

ಅವಳು ಮಾತ್ರೆ ಬಿಡಲಿಲ್ಲ. ಉಪ್ಪು ಮೀನು ಬಿಟ್ಟಳು, ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು ಬಿಟ್ಟಳು. ದಿನಕ್ಕೆ ಇಷ್ಟು ಹೆಜ್ಜೆ ಎಂದು ಡಾಕ್ಟರು ಹೇಳಿದ್ದನ್ನು ಬೈಂದೂರಿನ ಬೀದಿಗಳಲ್ಲಿ ಮೀನು ಹೊತ್ತೇ ನಡೆದು ಮುಗಿಸುತ್ತಿದ್ದಳು. ಆಯಸ್ಸಿನ ಆಸೆಯಿಂದ ಪಥ್ಯ ಮಾಡುವವರನ್ನು ನಾನು ಬಹಳ ನೋಡಿದ್ದೇನೆ, ಆರು ವಾರದಲ್ಲಿ ಬಿಟ್ಟುಬಿಡುತ್ತಾರೆ. ಸೇಡಿಗಾಗಿ ಪಥ್ಯ ಮಾಡಿದವಳು ಒಂದು ದಿನವೂ ತಪ್ಪಲಿಲ್ಲ.

ಆದರೂ ಏಪ್ರಿಲ್ ಕೊನೆಗೆ ಎದೆ ಮತ್ತೆ ಹಿಂಡಿತು. ಸ್ಟೆಂಟಿನ ಕೆಳತುದಿಯಲ್ಲಿ ನಾಳ ಕಿರಿದಾಗಿತ್ತು. ಹೊಯ್ಗೆ ಬಾಯಲ್ಲೇ ಕೂತಿತ್ತು. ಮೇ ತಿಂಗಳಲ್ಲಿ ಔಷಧಿ ಲೇಪಿಸಿದ ಬಲೂನಿನಿಂದ ಅದನ್ನು ಹಿಗ್ಗಿಸಿದರು. ಈ ಸಲ ಅಲ್ಲಿ ಲೋಹ ಬಿಡಲಿಲ್ಲ, ಔಷಧಿಯನ್ನು ಗೋಡೆಗೆ ಒತ್ತಿ ಬಲೂನನ್ನು ಹೊರತೆಗೆದರು. ಮರುದಿನ ವನಜ ಮೂಸಂಬಿ ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. ಸುಂದರಿ ಹೇಳುವಂತೆ ಅವಳು ಮುಖ ನೋಡಲಿಲ್ಲ, ಮಂಚದ ಪಕ್ಕದ ಮಾನಿಟರ್ ನೋಡಿದಳು. ಡಾಕ್ಟರು ಎಷ್ಟು ಸಮಯ ಕೊಟ್ಟಿದ್ದಾರೆ ಎಂದೂ ಕೇಳಿದಳು. ಸುಂದರಿ ಬೇಕೆಂದೇ ಮೆಲ್ಲನೆ ಉಸಿರೆಳೆದು, ಹೇಳುಕ್ ಆತಿಲ್ಲೆ ಅಂಬ್ರ್ ಡಾಕ್ಟ್ರ್, ವನಜಕ್ಕಾ ಎಂದಳು. ವನಜ ಹೊರಟ ಮೇಲೆ ಎದ್ದು ಕೂತು ತಲೆ ಬಾಚಿಕೊಂಡು, ಮೂಸಂಬಿಯನ್ನು ಕಸ ಗುಡಿಸುವವಳಿಗೆ ಕೊಟ್ಟಳು.

ಉಪಾಯ ಹೊಳೆದದ್ದು ಅಲ್ಲೇ. ತಾನು ಬರುವುದು ಖಚಿತವಿದ್ದರೆ ವನಜ ಆ ಬೆಳಿಗ್ಗೆ ಏನಾದರೂ ನೆವ ಹೂಡಿ ಜಗಳ ಕಟ್ಟುತ್ತಾಳೆ, ಟೆಂಪೊ ಬರುವ ತನಕ ಎಳೆಯುತ್ತಾಳೆ. ತಾನು ಬರುವುದೇ ಇಲ್ಲ ಎಂದಾದರೆ ಧೈರ್ಯವಾಗಿ ಬಂದು ಕೂರುತ್ತಾಳೆ. ಜುಲೈ ಕೊನೆಯ ವಾರ ಸುಂದರಿ ಮಗಳಿಗೆ ಒಂದು ಕೆಲಸ ಹೇಳಿದಳು. ಔಷಧಿ ಅಂಗಡಿಗೆ ಆ ಊರಿನವರು ಯಾರೇ ಬಂದರೂ ಅಮ್ಮ ಐಸಿಯುನಲ್ಲಿದ್ದಾಳೆ, ಕಷ್ಟ ಎಂದು ಹೇಳಬೇಕು. ಬದುಕಿರುವ ತಾಯಿಯ ಬಗ್ಗೆ ಅಂಥ ಮಾತು ಬಾಯಲ್ಲಿ ಬರುವುದಿಲ್ಲ ಎಂದು ದಿವ್ಯಾ ಅತ್ತಳು.

"ನನ್ ಆಯುಷ್ಯ ನಿನ್ ಬಾಯಲ್ಲಿಲ್ಲೆ, ನಾಳದಲ್ಲಿತ್ತ್," ಎಂದಳು ಸುಂದರಿ. "ಸುಮ್ನೆ ಹೇಳ್."

ದಿವ್ಯಾ ಹೇಳಿದಳು. ಎರಡು ದಿನದಲ್ಲಿ ವನಜ ನನ್ನ ಗೇಟಿನ ಹತ್ತಿರ ಬಂದು, ಸುಂದರಿಯ ವಿಷಯ ನಿಜವೇ ಎಂದು ವಿಚಾರಿಸಿದಳು. ಹೃದಯದ ವಿಷಯ, ಇಂಥವರ ಬಗ್ಗೆ ಏನೂ ಭರವಸೆ ಕೊಡಲಾಗುವುದಿಲ್ಲ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ಹೋಗುವಾಗ ನಡಿಗೆ ಹಗುರಾಗಿತ್ತು. ಸುಂದರಿ ಆಗ ನನ್ನ ಹಿತ್ತಲಲ್ಲಿ ಕೂತು ನಂಗು ಮೀನಿನ ಚರ್ಮ ಸುಲಿಯುತ್ತಿದ್ದಳು.

ಬುಟ್ಟಿ ಎತ್ತುವ ದಿನ ನಾನೂ ಹೋಗಿದ್ದೆ. ಮಳೆ ಬಿಟ್ಟಿರಲಿಲ್ಲ. ಜಗಲಿಗಳನ್ನು ತೊಳೆದು, ಪ್ರತಿ ಬುಟ್ಟಿಯ ಮುಂದೆ ಒಂದೊಂದು ಕೆಂಪು ದಾಸವಾಳ ಇಟ್ಟಿದ್ದರು. ವನಜ ಹೊಸ ಸೀರೆ ಉಟ್ಟಿದ್ದಳು. ಜೊತೆಗೆ ಸೊಸೆ ಧನ್ಯಶ್ರೀಯನ್ನು ಕರೆತಂದಿದ್ದಳು. ಗೋಡೆ ಬದಿಯಲ್ಲಿ ತನ್ನ ಬುಟ್ಟಿ, ಅದರ ಪಕ್ಕದಲ್ಲಿ, ಸುಂದರಿಯ ಜಾಗದ ಮೇಲೆ, ಇನ್ನೊಂದು ಹೊಸ ಬುಟ್ಟಿ ಮಗುಚಿಟ್ಟಿದ್ದಳು. ಇಪ್ಪತ್ತು ವರ್ಷ ಹಲಗೆ ಹಾಕಿ ಕೂತದ್ದು ಸಾಲದೆ, ಅಂದು ಪಕ್ಕದವಳ ಹಕ್ಕಿನಿಂದ ತಾನೇ ಅದನ್ನೆತ್ತಿ ಸೊಸೆಯ ಕೈಗೆ ಕೊಟ್ಟು, ಕದ್ದ ಜಾಗವನ್ನು ಸಂಪ್ರದಾಯದ ಪ್ರಕಾರ ತನ್ನದಾಗಿಸಿಕೊಳ್ಳುವವಳಿದ್ದಳು. ಇದು ಸುಂದರಿಗೂ ಗೊತ್ತಿರಲಿಲ್ಲ. ದುರಾಸೆ ಇಷ್ಟು ಚೆನ್ನಾಗಿ ಸಹಕರಿಸುತ್ತದೆಂದು ಅವಳು ಎಣಿಸಿರಲಿಲ್ಲ.

ಪಾಪ, ಸುಂದರಿ ಇದ್ದಿದ್ದರೆ ಅವಳೇ ಸಂತೋಷಪಡುತ್ತಿದ್ದಳು ಎಂದು ವನಜ ಎಲ್ಲರಿಗೂ ಕೇಳುವಂತೆ ಹೇಳಿ, ಬಗ್ಗಿ ಬುಟ್ಟಿಗೆ ಕೈ ಹಾಕಿದಳು.

"ಹ್ವಾಯ್ ವನಜಕ್ಕಾ," ಎಂದು ಬಾಗಿಲಿನಿಂದ ಕೇಳಿತು. "ಅದನ್ ಕೆಳಗಿಡ್. ನನ್ ಬುಟ್ಟಿ ನಾ ತಂದಿದೆ."

ಸುಂದರಿ ಕೊಡೆ ಮಡಚಿ ಒಳಗೆ ಬಂದಳು. ಕಂಕುಳಲ್ಲಿ ಜಂತಿಯಿಂದ ಇಳಿಸಿದ ಹಳೆಯ ಬೆತ್ತದ ಬುಟ್ಟಿ, ಚರಂಡಿಯ ಕಲೆ ಇನ್ನೂ ಇತ್ತು. 'ಪಾಪ' ಎಂದ ಬಾಯಿ ವನಜಳಿಗೆ ಮುಚ್ಚಲಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, ಸತ್ತೋಳ್ ನಡ್ಕಂಡ್ ಬಂದಳ್ ಕಾಣ್ ಎಂದರು, ಒಬ್ಬಿಬ್ಬರು ನಕ್ಕರು. ಸುಂದರಿ ನಗಲಿಲ್ಲ. ಟೆಂಪೊ ಬರಲು ಎಷ್ಟು ಹೊತ್ತಿದೆ ಎಂದು ಲಚ್ಚುವನ್ನು ಕೇಳಿದಳು. ಅರ್ಧ ಗಂಟೆ ಎಂದಳು ಎಂಬತ್ತು ದಾಟಿದ ಲಚ್ಚು. ಅಷ್ಟು ಬೇಡ ಎಂದಳು ಸುಂದರಿ, ಮತ್ತು ವನಜಳತ್ತ ತಿರುಗಿದಳು.

"ನೀ ಹೇಳ್ತ್ಯಾ, ನಾ ಹೇಳ್ಕಾ?"

ವನಜ ಮೊದಲು ಹಳೆಯ ಮಾತೆಲ್ಲ ಈಗ ಏಕೆ ಎಂದಳು. ಆಮೇಲೆ ಒಳ್ಳೆಯ ದಿನ ಜಗಳ ಬೇಡ ಎಂದಳು. ಜಾಗ ಬೇಕಾದರೆ ಬಿಟ್ಟುಕೊಡುತ್ತೇನೆ, ಮಾತು ಇಲ್ಲಿಗೆ ಬಿಡು ಎಂದಳು. ಸುಂದರಿ ಬುಟ್ಟಿ ಹಿಡಿದು ನಿಂತೇ ಇದ್ದಳು. ಆಗ ಹೊರಗೆ ರಿಕ್ಷಾದಲ್ಲಿ ಕೂತಿದ್ದ ಪ್ರೇಮಾನಂದ ಕೋಲೂರುತ್ತ ಒಳಗೆ ಬಂದು ತಾನೇ ಹೇಳಲು ಬಾಯಿ ತೆರೆದ. ಸುಂದರಿ ಕೈ ಅಡ್ಡ ಹಿಡಿದಳು.

"ನೀವಲ್ಲ ಪ್ರೇಮಾನಂದಣ್ಣ. ಅವ್ಳ್ ಹೇಳ್ಕ್."

ಇಪ್ಪತ್ತು ಹೆಂಗಸರೂ ವನಜಳನ್ನೇ ನೋಡುತ್ತಿದ್ದರು. ಅವಳು ಸಿಮೆಂಟಿನ ಜಗಲಿಯನ್ನು ನೋಡುತ್ತ ಹೇಳಿದಳು.

"ನಮ್ಮನಿಯವ್ರಿಗೂ ಕರೆಂಟ್ ಕೊಟ್ಟಿದ್ರ್. ಎದಿ ಒಳಗೆ. ಸುಂದ್ರಿಗೆ ಕೊಡುಕಿಂತ ಒಂದ್ ವರ್ಷ ಮುಂಚೆ. ಅವ್ರ್ ಮುಟ್ಟಿದ್ ಮೀನ್ ಯಾವ್ದೂ ಹಾಳಾಯ್ಲಿಲ್ಲೆ. ನಂಗ್ ಗೊತ್ತಿತ್ತ್."

"ಮತ್ತ್ ಎಂತಕ್ ಹೇಳ್ದೆ?" ಎಂದು ಕೇಳಿದವಳು ಲಚ್ಚು.

"ಇವ್ರ್ ಸುದ್ದಿ ಹೊರಗ್ ಬಿದ್ರೆ ಬಂದರಲ್ಲಿ ಏಲಂ ಕೂಗುಕ್ ಬಿಡುದಿಲ್ಲ ಅಂತ ಹೆದ್ರಿಕಿ ಇತ್ತ್. ಜನ ಅವ್ಳನ್ ಕಂಡ್ರೆ ಇವ್ರನ್ ಕಾಂಬುದಿಲ್ಲ ಅಂತ." ಸ್ವಲ್ಪ ತಡೆದು, "ಜಾಗವೂ ಸಿಕ್ತ್," ಎಂದಳು.

ಇಷ್ಟು ಸತ್ಯ ಅವಳಿಂದ ಬರಬಹುದೆಂದು ನಾನು ನಿರೀಕ್ಷಿಸಿರಲಿಲ್ಲ. ಲಚ್ಚು ಮುಖ ತಿರುಗಿಸಿಕೊಂಡಳು. ಇಪ್ಪತ್ತು ವರ್ಷ ಪ್ರೇಮಾನಂದ ಕೂಗಿದ ಮೀನನ್ನೇ ಕೊಂಡು, ಮಾರಿ, ಮನೆಯಲ್ಲಿ ಬೇಯಿಸಿ ತಿಂದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೆಲವರು ಸುಂದರಿಯ ಹತ್ತಿರ ಬಂದು ಕೈ ಹಿಡಿಯಲು ನೋಡಿದರು. ಅವಳು ಕೊಡಲಿಲ್ಲ. ೨೦೦೩ರಲ್ಲಿ ಆ ಕೈಗಳೆಲ್ಲ ಎಲ್ಲಿದ್ದವು ಎಂಬುದು ಅವಳಿಗೆ ನೆನಪಿತ್ತು.

ಒಂದು ಕೆಲಸ ಬಾಕಿಯಿತ್ತು. ಸುಂದರಿ ಹೊಸ ಬುಟ್ಟಿಯನ್ನು ಕಾಲಿನಿಂದ ಬದಿಗೆ ಸರಿಸಿ, ಆ ಜಾಗದಲ್ಲಿ ತನ್ನ ಹಳೆಯ ಬುಟ್ಟಿ ಮಗುಚಿಟ್ಟಳು. ಹೋದ ಜಾಗ ಮರಳಿ ಬರುವುದಾದರೂ ಪಕ್ಕದವಳ ಕೈಯಿಂದಲೇ ಬರಬೇಕು. ವನಜ ಬಗ್ಗಿ, ಒಮ್ಮೆ ತಾನೇ ಚರಂಡಿಗೆ ಎಸೆದಿದ್ದ ಅದೇ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಸುಂದರಿಗೆ ಕೊಟ್ಟಳು. ಅದರ ಕಲೆಯಿದ್ದ ಬದಿ ವನಜಳ ಹೊಸ ಸೀರೆಗೆ ತಾಗುವಂತೆ ಸುಂದರಿ ಅದನ್ನು ನಿಧಾನವಾಗಿ ತೆಗೆದುಕೊಂಡಳು. ಟೆಂಪೊ ಬಂತು. ಹತ್ತು ಗಂಟೆಯ ಹೊತ್ತಿಗೆ ಎಲ್ಲರೂ ಬಂಗುಡೆಯ ದರಕ್ಕೆ ಜಗಳವಾಡುತ್ತಿದ್ದರು.

ಕಥೆಯನ್ನು ಇಲ್ಲಿ ನಿಲ್ಲಿಸಿದರೆ ಸುಂದರಿ ಕ್ಷಮಿಸಿದಳು ಎಂದು ಯಾರಾದರೂ ತಿಳಿದಾರು. ಹಾಗೇನೂ ಆಗಲಿಲ್ಲ.

ವನಜಳಿಗೆ ಈಗ ಅರವತ್ತೆಂಟು. ಮೊಣಕಾಲು ಹೋಗಿದೆ. ಜಗಲಿಯ ಮೇಲೆ ಮಡಚಿ ಕೂರಲಾಗದೆ ಒಂದು ಕಾಲು ಕೆಳಗೆ ಬಿಟ್ಟು ಕೂರುತ್ತಾಳೆ. ಗೋಡೆ ಬದಿಯ ಜಾಗವನ್ನು ಧನ್ಯಶ್ರೀಗೆ ಬಿಟ್ಟು ಮನೆಯಲ್ಲಿರಬೇಕೆಂದು ೨೦೨೪ರ ಆಗಸ್ಟಿನಲ್ಲಿ ಬುಟ್ಟಿ ಮಗುಚಿಟ್ಟಳು. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಸುಂದರಿ. ಎತ್ತಿಕೊಡಬೇಕಾದವಳು ಅವಳೊಬ್ಬಳೇ. ಎಲ್ಲರೂ ಕಾದರು. ಸುಂದರಿ ತನ್ನ ಬುಟ್ಟಿ ಎತ್ತಿಕೊಂಡು ನೀರು ಚಿಮುಕಿಸುತ್ತಿದ್ದಳು.

"ನಂಗಾತಿಲ್ಲೆ ವನಜಕ್ಕಾ," ಎಂದಳು. "ಭಾರ ಎತ್ತುಕಾಗ ಅಂದಿದ್ರ್ ಡಾಕ್ಟ್ರ್. ಹಾರ್ಟಿನ ಜನ ನಾನ್."

ಖಾಲಿ ಬುಟ್ಟಿ ಅರ್ಧ ಕಿಲೋ ಇದ್ದೀತು. ಅದೇ ಬೆಳಿಗ್ಗೆ ಅವಳು ಇಪ್ಪತ್ತು ಕಿಲೋ ಮೀನು ಇಳಿಸಿಕೊಂಡಳು. ೨೦೨೫ರಲ್ಲೂ ಅದೇ ಮಾತು, ಅದೇ ಸ್ವರ.

ಈಚೆಗೆ ಡಾಕ್ಟರು ಸುಂದರಿಯ ನಾಳವನ್ನು ಮತ್ತೆ ಪರೀಕ್ಷಿಸಿದರು. ನಾನು ಚಿತ್ರಗಳನ್ನು ನೋಡಿದ್ದೇನೆ. ಸ್ಟೆಂಟಿನೊಳಗೆ ಪೊರೆ ತೆಳುವಾಗಿ, ಸಮವಾಗಿ ಬೆಳೆದಿದೆ. ಬಲೂನು ಹಿಗ್ಗಿಸಿದ ಕೆಳತುದಿಯಲ್ಲಿ ಗಾಯ ಸ್ವಲ್ಪ ದಪ್ಪಗಿದೆ, ಆದರೆ ಅಲ್ಲಿ ನಾಳವೇ ಹೊರಕ್ಕೆ ಹಿಗ್ಗಿ ದಾರಿಯನ್ನು ಉಳಿಸಿಕೊಂಡಿದೆ. ಇಂಥ ನಾಳದಿಂದ ಡಾಕ್ಟರು ಇದನ್ನು ನಿರೀಕ್ಷಿಸಿರಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಸುಂದರಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ.

ಕಳೆದ ತಿಂಗಳು ವನಜ ಮತ್ತೆ ನನ್ನ ಗೇಟಿಗೆ ಬಂದಿದ್ದಳು. ರಿಕ್ಷಾದಿಂದ ಇಳಿಯಲು ಸೊಸೆ ಕೈ ಕೊಡಬೇಕಾಯಿತು. ಹೀಗೆ ಮಾಡಿದ ನಾಳ ಎಷ್ಟು ವರ್ಷ ಬರುತ್ತದೆ ಎಂದು ಕೇಳಿದಳು. ಕೆಲವು ಆರು ತಿಂಗಳಲ್ಲಿ ಮುಚ್ಚುತ್ತವೆ, ಕೆಲವು ಇಪ್ಪತ್ತು ವರ್ಷವಾದರೂ ಮುಚ್ಚುವುದಿಲ್ಲ, ನಿಮ್ಮ ಯಜಮಾನರದ್ದೇ ನೋಡಿ ಎಂದೆ. ಹಾಗಾದರೆ ತಾನು ಏನು ಮಾಡಬೇಕು ಎಂದು ಕೇಳಿದಳು. ಕೂತಿರಬೇಕು ಎಂದೆ.

ಅವಳು ಕೂತಿದ್ದಾಳೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸುಂದರಿ ಕೈ ತೊಳೆದು, ರವಿಕೆಯೊಳಗಿನ ಸಣ್ಣ ಪರ್ಸಿನಿಂದ ಮಾತ್ರೆಗಳನ್ನು ತೆಗೆದು ಅಂಗೈಯಲ್ಲಿ ಸಾಲಾಗಿ ಇಡುತ್ತಾಳೆ. ವನಜಳ ಕಡೆಗೆ ಸ್ವಲ್ಪ ತಿರುಗಿ, ಒಂದೊಂದಾಗಿ ನುಂಗುತ್ತಾಳೆ. ಅವಸರ ಮಾಡುವುದಿಲ್ಲ. ಕೊನೆಯದನ್ನು ನುಂಗಿ ನೀರು ಕುಡಿದು, ಕತ್ತಿ ತೆಗೆದುಕೊಂಡು ಮೀನು ಕೊಯ್ಯಲು ಶುರು ಮಾಡುತ್ತಾಳೆ.